ನೇರ ಮಾತಾಡದ ಮಾನ್ಯೆ

ನಾನು ಬಿ.ಎ. ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ನಮ್ಮದು ತುಳು ಮಾತಾಡುವ ಮನೆ, ಮಾವನ ಮಾತು ನಡೆಯುವ ಮನೆ. ಪಿ.ಯು.ಸಿ. ಪಾಸಾದೆ ಎಂದು ಹೇಳಲು ಹೋದಾಗ ಅವರು ಜಗಲಿಯಲ್ಲಿ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದರು. ಕತ್ತಿ ಕೆನ್ನೆಯ ಮೇಲಿದ್ದುದರಿಂದ ಬಾಯಿ ಹೆಚ್ಚು ತೆರೆಯದೆ, “ನಮ್ಮ ಕುಟುಂಬದಲ್ಲಿ ಡಿಗ್ರಿ ಅಂತ ಉಂಟಾದ್ರೆ ಅದು ಜ್ವರಕ್ಕೆ ಮಾತ್ರ. ಓದಿದ್ದು ಸಾಕು” ಎಂದರು. ಗಡ್ಡ ಮುಗಿಯಿತು, ಓದೂ ಮುಗಿಯಿತು. ಆರು ತಿಂಗಳಲ್ಲಿ ಕುವೈತಿನಲ್ಲಿ ಬಸ್ಸು ಓಡಿಸುವವರ ಜೊತೆ ನನ್ನ ಮದುವೆಯಾಯಿತು.

ಆಮೇಲೆ ಅದೇ ಮಾತನ್ನು ಹೇಳಿದವರು ಕುವೈತಿನ ಫಿಂಟಾಸಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಲಿಗೆ ಅಂಗಡಿಯ ಮಾಸ್ಟರ್. ಅವರು ಹೈದರಾಬಾದಿನವರು, ಮೃದು ಮನುಷ್ಯ. “ಬೆಹನ್, ನೀನು ಗುಂಡಿಗೆ ಕಾಜಾ ಚೆನ್ನಾಗಿ ಮಾಡ್ತೀ. ಅಲ್ಲಾ ಒಬ್ಬೊಬ್ಬರಿಗೆ ಒಂದೊಂದೇ ಕೊಡೋದು” ಎಂದರು.

ಆಗುತ್ತದೆ ಎಂದವರು ಒಬ್ಬರೇ. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ಅವರು ತೀರಿಕೊಂಡರೆಂದು ಕಳೆದ ತಿಂಗಳು ಅಕ್ರಾದಿಂದ ಕಾಗದ ಬಂತು. ಅಕ್ರಾ ಎಂದರೆ ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ಬದಿಗೆ ಇರುವ ಊರು. ಘಾನಾ ದೇಶದ ರಾಜಧಾನಿ. ಬರೆದವಳು ಅವರ ತಂಗಿಯ ಮಗಳು. “ಸಂಸ್ಕಾರಕ್ಕೆ ಇನ್ನೂ ಮೂರು ತಿಂಗಳಿದೆ, ನಿಮಗೆ ರಜೆ ಕೇಳಲು ಸಮಯವಿದೆ” ಎಂದು ಬರೆದಿದ್ದಳು. ಅವರ ಕಡೆ ದೊಡ್ಡವರ ಸಂಸ್ಕಾರವನ್ನು ಅವಸರದಲ್ಲಿ ಮುಗಿಸುವುದಿಲ್ಲವಂತೆ. ಬದುಕಿದ್ದಾಗಲೂ ಅವರು ಯಾವುದನ್ನೂ ಅವಸರದಲ್ಲಿ ಮುಗಿಸಿದವರಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಎದುರಿಗೆ ನಾವು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಅಕ್ರಾದ ಮೂಲದ ಜನರಿಗೆ ಗಾ ಎಂದು ಹೆಸರು. ಅವರಲ್ಲಿ ಒಂದೊಂದು ಕೇರಿಗೂ ಒಬ್ಬ ಮುಖ್ಯಸ್ಥ, ಜೊತೆಗೆ ಒಬ್ಬ ತಾಯಿ. ಈ ತಾಯಿಯನ್ನು ಇಂಗ್ಲಿಷಿನವರು ರಾಜಮಾತೆ ಎಂದು ಕರೆದಿದ್ದಾರೆ; ಆದರೆ ಆಕೆ ರಾಜನ ತಾಯಿಯೂ ಅಲ್ಲ, ಹೆಂಡತಿಯೂ ಅಲ್ಲ. ಮನೆತನದ ಹಿರಿಯರು ಕೂತು ಆರಿಸುತ್ತಾರೆ. ಹೆಂಗಸರ ವ್ಯಾಜ್ಯ, ಸಂತೆಯ ಜಗಳ, ಮಕ್ಕಳಿಗೆ ಹೆಸರಿಡುವುದು, ಎಲ್ಲ ಆಕೆಯ ಪಾಲು. ಕುವೈತಿನ ಬಂದರಿಗೆ ಬರುತ್ತಿದ್ದ ಅವರ ಊರಿನ ಹಡಗಿನವರು ಇವರನ್ನು ಕರೆಯುತ್ತಿದ್ದ ಮಾತು ನನ್ನ ಕಿವಿಗೆ ‘ಮಾನ್ಯೆ’ ಎಂದು ಬಿತ್ತು. ನಾನೂ ಹಾಗೆಯೇ ಕರೆದೆ. ಯಾರೂ ತಿದ್ದಲಿಲ್ಲ.

ಮೀನುಗಾರರ ಕೇರಿಯ ತಾಯಿಗೆ ಕುವೈತಿನಲ್ಲಿ ಏನು ಕೆಲಸ ಎಂದರೆ, ವ್ಯಾಪಾರ. ಅವರ ಗಂಡ ಹಡಗಿನ ಇಂಜಿನಿಯರು; ನೀರಿನ ಮೇಲೆ ಸಾಕಾಗಿ ಇಲ್ಲಿನ ಎಣ್ಣೆ ಕಂಪನಿಯಲ್ಲಿ ಕೆಲಸ ಹಿಡಿದರು. ಇವರು ಹಿಂದಿನಿಂದ ಬಂದು ಫಿಂಟಾಸಿನಲ್ಲಿ ಹೊಲಿಗೆ ಅಂಗಡಿ ತೆರೆದರು. ಕಂಪನಿಯವರ ಮೇಲಂಗಿ, ಶಾಲೆಯ ಸಮವಸ್ತ್ರ ಇಲ್ಲಿ ಹೊಲಿಸುವುದು. ಇಲ್ಲಿನ ಬಟ್ಟೆಯ ಥಾನುಗಳನ್ನು ಹಡಗಿನಲ್ಲಿ ಅಕ್ರಾದ ಸಂತೆಗೆ ಕಳಿಸುವುದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಊರಿಗೆ ಹೋಗಿ ತಾಯಿಯ ಕೆಲಸ ಮಾಡಿ ಬರುತ್ತಿದ್ದರು.

ಗಂಡನ ಕ್ವಾರ್ಟರ್ಸು ಪಕ್ಕದ ಮಂಗಫಿನಲ್ಲಿ. ಇವರು ಅಲ್ಲಿರಲಿಲ್ಲ, ಫಿಂಟಾಸಿನಲ್ಲಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿದ್ದರು. ಜಗಳ ಅಂತ ತಿಳಿಯಬೇಡಿ. ಗಾ ಜನರಲ್ಲಿ ಹೆಂಗಸರ ಮನೆ ಬೇರೆ, ಗಂಡಸರ ಮನೆ ಬೇರೆಯಂತೆ. ಹೆಂಡತಿ ಅಡುಗೆ ಮಾಡಿ ಸಂಜೆ ಗಂಡನ ಮನೆಗೆ ಕಳಿಸಬೇಕು. “ಒಂದೇ ಮನೆಯಲ್ಲಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕಲ್ಲ” ಎಂದು ನನಗೆ ಹೇಳಿದ್ದರು. ನಾನು, ನನ್ನ ಗಂಡ ಮಂಗಫಿನಲ್ಲಿ ಒಂದೇ ಕೋಣೆಯಲ್ಲಿದ್ದೆವು.

ಆ ಬುತ್ತಿಯನ್ನು ಕೊಂಡುಹೋಗುತ್ತಿದ್ದುದು ಕಂಪನಿಯ ಬಸ್ಸು, ಅದನ್ನು ಓಡಿಸುತ್ತಿದ್ದವರು ನನ್ನ ಗಂಡ. ಇಂಜಿನಿಯರು ಒಂದು ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನವೂ ಬುತ್ತಿ ಬಂತು. ನನ್ನವರಿಗೆ ಕೇಳುವ ಧೈರ್ಯ ಬರಲಿಲ್ಲ. ಬೀಗ ಹಾಕಿದ ಬಾಗಿಲಿನ ಮುಂದೆ ಇಟ್ಟರು, ಮರುದಿನ ಹಾಗೆಯೇ ತುಂಬಿದ್ದನ್ನು ವಾಪಸು ಕೊಟ್ಟರು. ಹೀಗೆ ಎಂಟು ದಿನ. ಒಂಬತ್ತನೆಯ ದಿನ ಮಾನ್ಯೆ ಬುತ್ತಿಯ ಮುಚ್ಚಳ ತೆಗೆದು ನೋಡಿ, “ಇದು ನಿನಗೆ ಕಳಿಸಿದ್ದು. ಎಂಟು ದಿನದಿಂದ ಯಾಕೆ ತಿನ್ನಲಿಲ್ಲ?” ಎಂದು ಕೇಳಿದರಂತೆ.

ಆ ರಾತ್ರಿಯ ಊಟಕ್ಕೆ ನಮ್ಮ ಮನೆಯಲ್ಲಿ ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಕರಿದ ಮೀನು, ಮೆಣಸಿನ ಚಟ್ನಿ. ನನ್ನ ಗಂಡ ತಿಂದು, ಬೆವರು ಒರೆಸಿಕೊಂಡು, “ಇವರು ನಮ್ಮ ಕಡೆಯವರೇ ಮಾರಾಯ್ತಿ” ಎಂದರು. ಆಮೇಲೆ, “ನಿನ್ನ ಹೆಂಡತಿಗೆ ಹೊಲಿಗೆ ಬರ್ತದಾ ಕೇಳಿದ್ರು. ಬರ್ತದೆ ಅಂದೆ” ಎಂದರು.

ನನಗೆ ಹೊಲಿಗೆ ಬರುತ್ತಿರಲಿಲ್ಲ. ನನಗೆ ಬರುತ್ತಿದ್ದುದು ಬೀಡಿ ಕಟ್ಟುವುದು. ನನ್ನ ಗಂಡನ ಪ್ರಕಾರ ಎರಡೂ ಕೈಕೆಲಸವೇ.

ಮೊದಲ ದಿನ ಮಾನ್ಯೆ ನನ್ನ ಬೆರಳುಗಳನ್ನು ಮಾತ್ರ ನೋಡಿದರು. ಗುಂಡಿ ಹಚ್ಚಲು ಕೂರಿಸಿದರು. ಎತ್ತರದ ಹೆಂಗಸು, ಕಪ್ಪು ಬಣ್ಣ, ಅಗಲವಾದ ಭುಜ. ಕುಳಿತರೆ ಅಂಗಡಿ ತುಂಬಿದಂತಾಗುತ್ತಿತ್ತು, ಎದ್ದರೆ ಚಿಕ್ಕದಾಯಿತೇನೋ ಎನಿಸುತ್ತಿತ್ತು. ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಊರಿನ ತಾಯಿಯ ಪಾದ ನೆಲಕ್ಕೆ ತಾಗಬಾರದಂತೆ. ಕೂರುತ್ತಿದ್ದುದು ಊರಿನಿಂದ ತಂದ ಮರದ ಪೀಠದ ಮೇಲೆ. ಒಂದೇ ಮರದಲ್ಲಿ ಕಡೆದದ್ದು, ನಡುವೆ ಬಾಗಿದ್ದು.

ಆ ಪೀಠದಿಂದ ಮೊದಲ ಎರಡು ವಾರದಲ್ಲೇ ನನಗೂ ಅವರಿಗೂ ಕೆಟ್ಟಿತು. ಬೆಳಿಗ್ಗೆ ಬಂದು ಕಸ ಗುಡಿಸುವಾಗ ನೋಡಿದರೆ ಪೀಠ ಮಗ್ಗುಲಾಗಿ ಬಿದ್ದಿರುತ್ತಿತ್ತು. ಯಾರೋ ಎಡವಿ ಬೀಳಿಸಿದ್ದಾರೆ ಎಂದು ನಾನು ಎತ್ತಿ ನೆಟ್ಟಗೆ ಇಡುತ್ತಿದ್ದೆ. ಅವರು ಬಂದು, ನೋಡಿ, ಕೂರುತ್ತಿದ್ದರು. ಮರುದಿನ ಮತ್ತೆ ಬಿದ್ದಿರುತ್ತಿತ್ತು. ಮತ್ತೆ ನಾನು ಎತ್ತಿಡುತ್ತಿದ್ದೆ. ಹನ್ನೆರಡನೆಯ ದಿನ ಅವರು ಬೇಗ ಬಂದು ಬಾಗಿಲಲ್ಲೇ ನಿಂತಿದ್ದರು.

“ನನ್ನ ಪೀಠದ ಮೇಲೆ ಯಾರನ್ನು ಕೂರಿಸುತ್ತಿದ್ದೀ?”

“ಯಾರನ್ನೂ ಇಲ್ಲ ಮಾದಾಮ್. ಬಿದ್ದಿತ್ತು, ಎತ್ತಿಟ್ಟೆ.”

“ಬಿದ್ದಿರಲಿಲ್ಲ. ನಾನು ಮಲಗಿಸಿದ್ದು. ನೆಟ್ಟಗಿದ್ದರೆ ನಾನಿಲ್ಲದಾಗ ಬೇರೆ ಯಾವುದೋ ಬಂದು ಕೂರುತ್ತದೆ. ಹನ್ನೆರಡು ದಿನದಿಂದ ಯಾವುದು ಯಾವುದು ಕೂತು ಹೋಗಿದೆಯೋ.”

ನಮ್ಮ ಮನೆಯಲ್ಲೂ ಊಟವಾದ ಮೇಲೆ ಮಣೆಯನ್ನು ಹಾಗೇ ಬಿಡುವುದಿಲ್ಲ, ಗೋಡೆಗೆ ಒರಗಿಸಿ ಇಡುತ್ತೇವೆ, ಯಾಕೆಂದು ಅಮ್ಮ ಹೇಳಿಲ್ಲ, ಇದೇ ಕಾರಣ ಇರಬಹುದು ಎಂದೆ. ನನ್ನ ಇಂಗ್ಲಿಷಿನಲ್ಲಿ ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಅವರು ಪೂರ್ತಿ ಕೇಳಿದರು. ಕೊನೆಗೆ, “ನಿನಗೆ ಓದು ಎಷ್ಟಾಗಿದೆ?” ಎಂದರು.

ಪಿ.ಯು.ಸಿ. ಎಂದೆ. ಅದೇನು, ಮುಗಿದದ್ದೋ ಮುಗಿಯದ್ದೋ ಎಂದು ಕೇಳಿದರು. ಮೇಲೆ ಇನ್ನು ಮೂರು ವರ್ಷ ಇದೆ, ಬಿಡಿಸಿದರು ಎಂದೆ. ಅವರು ಕತ್ತರಿಸಿಟ್ಟಿದ್ದ ಒಂದು ಮೇಲಂಗಿಯನ್ನು ಎತ್ತಿ ತೋರಿಸಿದರು. ಮೈ ಇತ್ತು, ತೋಳು ಇರಲಿಲ್ಲ.

“ಇದನ್ನು ಹಾಕಿಕೊಂಡು ಯಾರಾದರೂ ಕೆಲಸಕ್ಕೆ ಹೋಗುತ್ತಾರಾ?”

“ಇಲ್ಲ.”

“ಹಾಗಾದರೆ ತೋಳು ಹಚ್ಚು.”

ಹೀಗೆ, ಊರಿನ ಕಡೆಯ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಅರ್ಜಿ ಹೋಯಿತು. ಮನೆಯಲ್ಲಿ ಕೂತು ಓದುವುದು, ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗಿ ಪರೀಕ್ಷೆ ಬರೆಯುವುದು. ವಾರ್ಷಿಕ ರಜೆಯನ್ನು ಅದಕ್ಕೇ ಹಾಕಿದರೆ ಸರಿಹೋಗುತ್ತಿತ್ತು. ಮಾವನಿಗೆ ನಾವು ತಿಳಿಸಲಿಲ್ಲ.

ಪೀಠದ ವಿಷಯ ಆದ ಮೇಲೆ ಮಾನ್ಯೆ ನನ್ನನ್ನು ಗುಂಡಿಯಿಂದ ಎಬ್ಬಿಸಿ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಕೆಲಸ ಏನೆಂದರೆ, ಅವರ ಮಾತನ್ನು ನಾನು ಹೇಳುವುದು. ಅವರ ಕಡೆ ದೊಡ್ಡವರು ಸಭೆಯಲ್ಲಿ ನೇರ ಮಾತಾಡುವುದಿಲ್ಲ. ಪಕ್ಕದವರಿಗೆ ಮೆಲ್ಲಗೆ ಹೇಳುತ್ತಾರೆ, ಪಕ್ಕದವರು ಎದುರಿನವರಿಗೆ ಜೋರಾಗಿ ಹೇಳುತ್ತಾರೆ. ಎದುರಿನವರ ಉತ್ತರವೂ ಅದೇ ದಾರಿಯಲ್ಲಿ ಬರಬೇಕು. ಊರಿನಲ್ಲಿ ಅದಕ್ಕೆಂದೇ ಒಬ್ಬರು ಕೋಲು ಹಿಡಿದು ನಿಂತಿರುತ್ತಾರಂತೆ. ಇಲ್ಲಿ ಅಳತೆಯ ಟೇಪು ಹಿಡಿದು ನಾನು ನಿಂತೆ.

ಅವರಿಗೆ ಇಂಗ್ಲಿಷು ಬರುತ್ತಿತ್ತು. ಗಿರಾಕಿಗೂ ಬರುತ್ತಿತ್ತು. ಇಬ್ಬರ ನಡುವೆ ಎರಡು ಮೊಳ ದೂರ. ಎಲ್ಲರಿಗಿಂತ ಕಡಿಮೆ ಇಂಗ್ಲಿಷು ನನ್ನದು. “ಬಟ್ಟೆ ಬುಧವಾರ ಎಂದು ಹೇಳು” ಎಂದು ಅವರು ನನ್ನ ಕಡೆಗೆ ಇಂಗ್ಲಿಷಿನಲ್ಲಿ ಹೇಳುವುದು. “ಬಟ್ಟೆ ಬುಧವಾರ” ಎಂದು ನಾನು ಗಿರಾಕಿಗೆ ಇಂಗ್ಲಿಷಿನಲ್ಲಿ ಹೇಳುವುದು. “ಮಂಗಳವಾರ ಆಗುವುದಿಲ್ಲವೇ?” ಎಂದು ಗಿರಾಕಿ ಅವರನ್ನೇ ನೋಡಿ ಕೇಳಿದರೆ, ನಾನು ಪುನಃ ಹೇಳುವವರೆಗೆ ಅವರು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು. ಹೊಸಬರು ಮೊದಲು ಇವರಿಗೆ ಕಿವಿ ಕೇಳುವುದಿಲ್ಲ ಎಂದುಕೊಳ್ಳುತ್ತಿದ್ದರು, ಆಮೇಲೆ ನನಗೆ ತಲೆ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು, ಆಮೇಲೆ ಒಗ್ಗಿಕೊಳ್ಳುತ್ತಿದ್ದರು. ಚೌಕಾಸಿ ಮಾತ್ರ ಯಾರಿಂದಲೂ ಆಗಲಿಲ್ಲ. ಚೌಕಾಸಿಗೆ ಬೇಕಾದ ಬಿಸಿ ನನ್ನನ್ನು ದಾಟಿ ಹೋಗುವಷ್ಟರಲ್ಲಿ ಆರಿಬಿಡುತ್ತಿತ್ತು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ.

“ದೊಡ್ಡವರ ಬಾಯಲ್ಲಿ ತಪ್ಪು ಮಾತು ಬರಬಾರದು.”

“ಬಂದರೆ?”

“ಬಂದರೆ ಅದು ನೀನು ಹೇಳಿದ್ದು.”

ಇನ್ನೊಂದು ನಿಯಮ ಇತ್ತು. ಹೇಳುವವರು ಮಾತನ್ನು ಸ್ವಲ್ಪ ತಿದ್ದಬಹುದು, ಚೆಂದ ಮಾಡಬಹುದು. ಒಮ್ಮೆ ಒಬ್ಬ ಮಿಸ್ರಿ, ಅಂದರೆ ಈಜಿಪ್ಟಿನ ಹೆಡ್‌ಮಾಸ್ಟರು ಮಕ್ಕಳ ಅಳತೆಯನ್ನು ಮೂರನೆಯ ಸಲ ಬದಲಾಯಿಸಲು ಬಂದರು. ಮಾನ್ಯೆ ನನ್ನ ಕಡೆ ಬಾಗಿ, “ಈ ಮನುಷ್ಯ ಕತ್ತೆ ಎಂದು ಹೇಳು” ಎಂದರು. ನಾನು ಟೇಪನ್ನು ಸರಿಮಾಡಿಕೊಂಡು, “ಮಕ್ಕಳ ಬಗ್ಗೆ ತಮಗಿರುವ ಕಾಳಜಿಯನ್ನು ಮಾದಾಮ್ ಮೆಚ್ಚಿಕೊಂಡಿದ್ದಾರೆ” ಎಂದೆ. ಹೆಡ್‌ಮಾಸ್ಟರು ಎರಡನ್ನೂ ಕೇಳಿಸಿಕೊಂಡಿದ್ದರು. ಎರಡನೆಯದನ್ನು ಒಪ್ಪಿಕೊಂಡು, ಹಳೆಯ ಅಳತೆಯೇ ಇರಲಿ ಎಂದು ಹೋದರು. ಮಾನ್ಯೆ, “ಈಗ ಕಲಿತೆ” ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ನನ್ನ ಬಿ.ಎ.ಯ ಇಂಗ್ಲಿಷು ಪೇಪರು ಪಾಸಾದದ್ದು ಇದರಿಂದ. ಎಲ್ಲ ವಾಕ್ಯವನ್ನೂ ಒಮ್ಮೆ ಕೇಳಿ, ಒಮ್ಮೆ ತಿದ್ದಿ ಹೇಳುವ ಅಭ್ಯಾಸ ಯಾವ ಕಾಲೇಜಿನಲ್ಲೂ ಮಾಡಿಸುವುದಿಲ್ಲ.

ಕಾಗದ ಓದುವುದೂ ನನ್ನದೇ ಕೆಲಸ. ಊರಿನಿಂದ ಬಂದದ್ದನ್ನು ಓದಿ ಹೇಳಬೇಕು, ಅವರು ಹೇಳಿದ್ದನ್ನು ಬರೆಯಬೇಕು. ಯಾರದೋ ಗಂಡ ಓಡಿಹೋದದ್ದು, ಯಾರೋ ಇನ್ನೊಬ್ಬರ ಜಾಗದಲ್ಲಿ ಮೀನು ಹರಡಿದ್ದು, ಎಲ್ಲದರ ತೀರ್ಪು ಫಿಂಟಾಸಿನಿಂದ ಅಂಚೆಯಲ್ಲಿ ಹೋಗುತ್ತಿತ್ತು. ಒಮ್ಮೆ ಬಂದ ಕಾಗದದಲ್ಲಿ, ಸೈನಿಕರು ಬಂದು ಅಕ್ರಾದ ದೊಡ್ಡ ಸಂತೆಯನ್ನು ಒಡೆದು ನೆಲಸಮ ಮಾಡಿದರು ಎಂದಿತ್ತು. ವಸ್ತುಗಳ ಬೆಲೆ ಏರಿದ್ದಕ್ಕೆ ಸಂತೆಯ ಹೆಂಗಸರೇ ಕಾರಣ ಎಂದು ಅವರ ತೀರ್ಮಾನ. ಮಾನ್ಯೆಯವರ ಬಟ್ಟೆ ಇದ್ದ ಮಳಿಗೆಯೂ ಹೋಗಿತ್ತು, ತಂಗಿಯ ಮಳಿಗೆಯೂ ಹೋಗಿತ್ತು.

“ಅದನ್ನು ಇನ್ನೊಮ್ಮೆ ಓದು” ಎಂದರು. ಓದಿದೆ. “ಇನ್ನೊಮ್ಮೆ.” ಓದಿದೆ. ಆಮೇಲೆ ಮಾಸ್ಟರ ಕಡೆ ತಿರುಗಿ, ನನ್ನ ಮೂಲಕ, ಆರನೇ ನಂಬರಿನ ಮೇಲಂಗಿಗೆ ಜೇಬು ಹಚ್ಚಿ ಆಯಿತೇ ಎಂದು ಕೇಳಿದರು. ಆಗಿದೆ ಎಂದರು ಮಾಸ್ಟರ್. ಆಮೇಲೆ ನನಗೆ ಬರೆಯಲು ಹೇಳಿದರು. ಯಾರಿಗೆ ಸಣ್ಣ ಮಕ್ಕಳಿದ್ದಾರೆ, ಅವರ ಹೆಸರು ಮೊದಲು ಕಳಿಸಿ. ಬರುವ ಹಡಗಿನಲ್ಲಿ ಬಟ್ಟೆ ಬರುತ್ತದೆ. ಕೂರಲು ಸಂತೆ ಇಲ್ಲದಿದ್ದರೆ ತಲೆಯ ಮೇಲೆ ಹೊತ್ತು ಮಾರಿ. ಕೊನೆಯಲ್ಲಿ ಏನು ಬರೆಯಲಿ ಎಂದೆ. ಕೊನೆ ಇಲ್ಲ, ಇಷ್ಟೇ ಎಂದರು. ಆ ಕಾಗದದಲ್ಲಿ ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಓದಲು ನನಗೆ ಸಿಗುತ್ತಿದ್ದ ಒಳ್ಳೆಯ ಕಾಲವೆಂದರೆ ಮೇ ತಿಂಗಳು. ಗಾ ಜನರಿಗೆ ಹಬ್ಬದ ಮೊದಲು ಒಂದು ತಿಂಗಳು ಗದ್ದಲ ಇರುವುದಿಲ್ಲ. ಡೋಲು ಹೊಡೆಯುವಂತಿಲ್ಲ, ಹಾಡುವಂತಿಲ್ಲ. ಬಿತ್ತಿದ್ದು ಸದ್ದಿಲ್ಲದೆ ಮೊಳೆಯಬೇಕಂತೆ. ಆಮೇಲೆ ಆಗಸ್ಟಿನಲ್ಲಿ ಹಬ್ಬ. ಹಿಂದೆ ಯಾವಾಗಲೋ ದೊಡ್ಡ ಬರ ಬಂದು ಹೋದ ಮೇಲೆ ಹಸಿವನ್ನು ಅಣಕಿಸಲು ಶುರುವಾದ ಹಬ್ಬ ಅದು. ಮಳೆಯಲ್ಲಿ ಕೆಲಸವೂ ಅಕ್ಕಿಯೂ ಇಲ್ಲದ ನಮ್ಮ ಆಟಿ ತಿಂಗಳೂ ಅದೇ ಹೊತ್ತಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಆಟಿಯಲ್ಲಿ ಹಸಿವನ್ನು ತಡೆದುಕೊಳ್ಳುತ್ತಿದ್ದೆವು. ಅದನ್ನು ಅಣಕಿಸಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ.

ಕುವೈತಿನ ಮರಳಿನಲ್ಲಿ ಏನೂ ಮೊಳೆಯಬೇಕಾಗಿರಲಿಲ್ಲ. ಆದರೂ ಮಾನ್ಯೆ ಅಂಗಡಿಯಲ್ಲಿ ತಿಂಗಳಿಡೀ ಮೌನ ನಡೆಸುತ್ತಿದ್ದರು. ಹೊಲಿಗೆ ಯಂತ್ರ ಡೋಲು ಅಲ್ಲ ಎಂದು ಅದಕ್ಕೆ ಮಾಫಿ ಕೊಟ್ಟಿದ್ದರು. ಮಾಸ್ಟರ ರೇಡಿಯೋಗೆ ಕೊಡಲಿಲ್ಲ.

“ಬೆಹನ್, ಮಾದಾಮ್‌ಗೆ ಹೇಳು, ಹಾಡಿಲ್ಲದೆ ನನ್ನ ಕಾಲು ಪೆಡಲ್ ತುಳಿಯೋದಿಲ್ಲ” ಎಂದು ಮಾಸ್ಟರ್ ಎರಡು ಮೊಳ ದೂರದಿಂದ ದೂರು ಕೊಟ್ಟರು.

“ಕಾಲಿಗೆ ಕಿವಿ ಎಲ್ಲಿದೆ ಎಂದು ಕೇಳು” ಎಂದರು ಮಾನ್ಯೆ.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತಿತ್ತು. ರೇಡಿಯೋ ಇಲ್ಲದ ಆ ಮೂರು ಗಂಟೆ ನಾನು ಥಾನುಗಳ ನಡುವೆ ಕೂತು ಇತಿಹಾಸ, ಅರ್ಥಶಾಸ್ತ್ರ ಓದುತ್ತಿದ್ದೆ. ಮಾನ್ಯೆ ಎದುರು ಕೂತಿರುತ್ತಿದ್ದರು. ಪುಟ ತಿರುಗಿಸುವುದು ತಡವಾದರೆ, “ಅಲ್ಲಿ ಏನಿದೆ?” ಎನ್ನುತ್ತಿದ್ದರು. ಹೇಳಬೇಕು. ಅವರಿಗೆ ಅರ್ಥವಾಗದಿದ್ದರೆ ನನಗೂ ಅರ್ಥವಾಗಿಲ್ಲ ಎಂದು ಲೆಕ್ಕ.

ಹೀಗೆ ಎರಡು ವರ್ಷದ ಪರೀಕ್ಷೆ ಮುಗಿಯಿತು, ಎರಡೂ ಪಾಸು. ಮೂರನೆಯ ವರ್ಷ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ಹಳೆಯ ಪಠ್ಯ ಈ ವರ್ಷಕ್ಕೆ ಮುಗಿಯುತ್ತದೆ. ಈ ಸಲ ಬರೆಯದವರು ಮೂರೂ ವರ್ಷ ಹೊಸದಾಗಿ ಓದಬೇಕು. ಅದೇ ವರ್ಷ ಎಣ್ಣೆ ಕಂಪನಿಯ ಹೊಸ ಪ್ಲಾಂಟಿನ ಮೇಲಂಗಿಗಳ ದೊಡ್ಡ ಕೆಲಸ ಅಂಗಡಿಗೆ ಬಂತು. ವಾರಕ್ಕೊಮ್ಮೆ ಕಂಪನಿಯ ಸಾಹೇಬರು ನೋಡಲು ಬರುತ್ತಿದ್ದರು.

ಪಾಸ್‌ಪೋರ್ಟು ನನ್ನ ಕೈಯಲ್ಲಿ ಇರಲಿಲ್ಲ. ಅಂಗಡಿಯ ಪರವಾನಗಿ ಇದ್ದದ್ದು ಒಬ್ಬ ಕುವೈತಿಯ ಹೆಸರಿನಲ್ಲಿ. ಅವರೇ ನಮ್ಮೆಲ್ಲರ ಕಫೀಲ್, ಅಂದರೆ ಸರಕಾರಕ್ಕೆ ನಮ್ಮ ಜಾಮೀನುದಾರ. ಇಲ್ಲಿರಲು ಬೇಕಾದ ನಮ್ಮ ಇಕಾಮಾ ಚೀಟಿ ಅವರ ಹೆಸರಿನ ಮೇಲೆ, ನಮ್ಮ ಪಾಸ್‌ಪೋರ್ಟು ಅವರ ಕಬ್ಬಿಣದ ಕಪಾಟಿನಲ್ಲಿ. ಕೆಟ್ಟವರಲ್ಲ. ವಾರಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಆ ವಾರ ಬಂದಾಗ ನಾನು ರಜೆ ಕೇಳಿದೆ.

“ಲಾ, ಲಾ” ಎಂದರು ಅವರು. ಸ್ವಲ್ಪ ಇಂಗ್ಲಿಷು, ಸ್ವಲ್ಪ ಉರ್ದು ಸೇರಿಸಿ ಮಾತಾಡುತ್ತಿದ್ದರು. “ಕೆಲಸ ಖಲಾಸ್ ಆಗಲಿ, ಆಮೇಲೆ ಹೋಗು.”

“ಆಮೇಲೆ ಪರೀಕ್ಷೆ ಇಲ್ಲ, ಬಾಬಾ.”

“ಮದುವೆಯಾದವಳಿಗೆ ಎಂಥಾ ಪರೀಕ್ಷೆ? ನೀನು ಹೋದರೆ ಈ ಮಾದಾಮ್ ಜೊತೆ ನಾನು ಮಾತಾಡೋದು ಹೇಗೆ? ಕಂಪನಿಯವರು ಮಾತಾಡೋದು ಹೇಗೆ? ಮಾಸ್ಟರಿಗೆ ಇಂಗ್ಲಿಷು ಬರೋದಿಲ್ಲ. ನೀನೇ ಮಾದಾಮಿನ ಬಾಯಿ. ಬಾಯಿಯನ್ನು ಊರಿಗೆ ಕಳಿಸಿ ಅಂಗಡಿ ನಡೆಸೋದು ಹೇಗೆ?”

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಹತ್ತು ವರ್ಷದಲ್ಲಿ ಮಾನ್ಯೆ ಅವರೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ನನಗಿಂತ ಮೊದಲೂ, ನನ್ನ ಹಿಂದಿನ ಎರಡು ರಜೆಯಲ್ಲೂ ಹೇಳುತ್ತಿದ್ದವನು ಬಂದರಿನ ಹುಡುಗನೊಬ್ಬ, ಈಗ ಅವನೂ ಇರಲಿಲ್ಲ. ನಾನು ಮಾನ್ಯೆಯನ್ನು ನೋಡಿದೆ. ಅವರ ಮಾತನ್ನು ಹೇಳುವುದು ನನ್ನ ಕೆಲಸ. ನನ್ನ ಮಾತನ್ನು ಹೇಳುವುದು ಹೇಗೆಂದು ಅಲ್ಲಿ ನಿಯಮ ಇರಲಿಲ್ಲ. “ಸರಿ, ಬಾಬಾ” ಎನ್ನಲು ತುಟಿ ತೆರೆದೂ ಆಗಿತ್ತು.

ಮಾನ್ಯೆ ಪೀಠದಿಂದ ಎದ್ದರು. ಚಪ್ಪಲಿ ಹುಡುಕಿ ಹಾಕಿಕೊಂಡರು. ನನ್ನ ಕೈಯಿಂದ ಅಳತೆಯ ಟೇಪು ತೆಗೆದುಕೊಂಡು ನಾನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. ನನ್ನನ್ನು ಒಂದು ಮೋಟು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಬಾಗಿ ಕಿವಿ ಕೊಟ್ಟರು.

“ನನಗೆ ಹೇಳು.”

“ಮಾನ್ಯೆ...”

“ಮೆಲ್ಲಗೆ ಹೇಳು. ಜೋರಾಗಿ ಹೇಳುವುದು ನನ್ನ ಕೆಲಸ.”

ನಾನು ಅವರ ಕಿವಿಯಲ್ಲಿ ಹೇಳಿದೆ: “ಪರೀಕ್ಷೆ ಬರೆಯಬೇಕು. ಇಪ್ಪತ್ತು ದಿನ ರಜೆ ಬೇಕು.”

ಮಾನ್ಯೆ ನೆಟ್ಟಗಾದರು. ಆ ಧ್ವನಿಯನ್ನು ಅಂಗಡಿಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಅದು ಸಂತೆಯ ಈ ತುದಿಯಿಂದ ಆ ತುದಿಗೆ ಮುಟ್ಟಬೇಕಾದ ಧ್ವನಿ. ಮಾಸ್ಟರ ಯಂತ್ರ ನಿಂತಿತು.

“ಇವಳು ಹೇಳುತ್ತಾಳೆ: ನನ್ನ ಅಜ್ಜಿಗೆ ಪುಸ್ತಕ ಇರಲಿಲ್ಲ. ನನ್ನ ತಾಯಿಗೆ ಪುಸ್ತಕ ಇರಲಿಲ್ಲ. ನನಗೆ ಮೂರು ವರ್ಷದ ಪುಸ್ತಕ ಇದೆ, ಎರಡು ಓದಿ ಆಗಿದೆ. ಇವಳು ಹೇಳುತ್ತಾಳೆ: ನೀವು ನನಗೆ ತಂದೆಯ ಹಾಗೆ. ನಿಮ್ಮ ಮನೆಯ ಹೆಣ್ಣುಮಕ್ಕಳು ಶಾಲೆಗೆ ಹೋಗುವ ಕಾರಿಗೆ ನೀವೇ ಪೆಟ್ರೋಲು ಹಾಕಿಸುವುದನ್ನು ನಾನು ನೋಡಿದ್ದೇನೆ.”

ನಾನು ಅದನ್ನು ನೋಡಿರಲಿಲ್ಲ. ಮಾನ್ಯೆ ಪುನಃ ಬಾಗಿದರು.

“ಇನ್ನೇನು?”

“ಅಷ್ಟೇ.”

“ಇವಳು ಹೇಳುತ್ತಾಳೆ: ಮೂವತ್ತು ದಿನ ರಜೆ ಬೇಕು.”

ಕಫೀಲ್ ಚಹಾದ ಲೋಟ ಕೆಳಗಿಟ್ಟಿದ್ದರು. ಅವರು ನನ್ನ ಮುಖ ನೋಡಿ ಏನೋ ಹೇಳಲು ಹೊರಟರು. ಮಾನ್ಯೆ ಟೇಪು ಹಿಡಿದ ಕೈಯನ್ನು ಅಡ್ಡ ತಂದು, “ನನಗೆ ಹೇಳಿ. ನಾನು ಅವಳಿಗೆ ಹೇಳುತ್ತೇನೆ” ಎಂದರು.

ಅವರು ಲೋಟ ಎತ್ತಿ ಉಳಿದ ಚಹಾ ಮುಗಿಸಿದರು. ಕೊನೆಗೆ ಮಾನ್ಯೆಗೇ ಹೇಳಿದರು: “ನಾಳೆ ಪಾಸ್‌ಪೋರ್ಟು ಕಳಿಸುತ್ತೇನೆಂದು ಅವಳಿಗೆ ಹೇಳಿ.”

ಮಾನ್ಯೆ ನನ್ನ ಕಡೆ ತಿರುಗಿ ಅದನ್ನೇ ಹೇಳಿದರು, ಒಂದು ಮಾತು ಸೇರಿಸಿ: “ಟಿಕೇಟಿನ ಏರ್ಪಾಡೂ ಮಾಡುತ್ತಾರಂತೆ.”

ಅವರು ಹಾಗೆ ಹೇಳಿರಲಿಲ್ಲ. ಆದರೆ ಮಾಡಿದರು.

ಬಾಗಿಲಲ್ಲಿ ಮಾಸ್ಟರನ್ನು ನಿಲ್ಲಿಸಿ ಕಫೀಲ್, “ಈ ಮಾದಾಮಿಗೆ ಮಾತು ಬರುತ್ತದಾ? ಮೊದಲಿಂದಲೂ ಬರುತ್ತಿತ್ತಾ?” ಎಂದು ಕೇಳಿದರಂತೆ.

ಆ ಸಂಜೆ ಮಾನ್ಯೆ ಹೊಸ್ತಿಲ ಬಳಿ ನಿಂತು ಕೆಂಪು ಶರಬತ್ತನ್ನು ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಸುರಿದು, ಅವರ ಭಾಷೆಯಲ್ಲಿ ಹಿರಿಯರ ಜೊತೆ ಮಾತಾಡಿದರು. ಊರಿನಲ್ಲಾದರೆ ಅದಕ್ಕೆ ಮದ್ಯವೇ ಆಗಬೇಕು, ಇಲ್ಲಿ ಅದು ಸಿಗುವುದಿಲ್ಲ. ಏನು ಹೇಳಿದಿರಿ ಎಂದು ಕೇಳಿದೆ. ಊರಿನ ತಾಯಿ ಪೀಠ ಬಿಟ್ಟಿಳಿದು ಇನ್ನೊಬ್ಬರ ಮಾತು ಹೇಳಬಾರದು, ಹೇಳಿದ್ದೇನೆ, ದಂಡ ಏನಿದ್ದರೂ ಹಬ್ಬಕ್ಕೆ ಬಂದಾಗ ಕೊಡುತ್ತೇನೆ ಎಂದು ತಿಳಿಸಿದೆ ಎಂದರು. ಏನು ದಂಡ ಎಂದು ಹೇಳಲಿಲ್ಲ. ಆ ವರ್ಷ ಹಬ್ಬ ಮುಗಿಸಿ ಬರುವಾಗ ಅವರ ಕೈಯ ಎರಡು ಬಂಗಾರದ ಬಳೆ ಕಾಣಲಿಲ್ಲ. ಶರಬತ್ತು ಬಿದ್ದ ಹೊಸ್ತಿಲಿಗೆ ಮರುದಿನವೇ ಇರುವೆ ಬಂದಿದ್ದವು, ವಾರವಿಡೀ ಗುಡಿಸಿದ್ದೆ.

ಮಂಗಳೂರಿನಲ್ಲಿ ಪರೀಕ್ಷೆ ಬರೆದೆ. ಸೆಖೆಯಲ್ಲಿ ಹಾಳೆ ಕೈಗೆ ಅಂಟುತ್ತಿತ್ತು, ಅದನ್ನು ಬಿಟ್ಟರೆ ತೊಂದರೆ ಏನೂ ಆಗಲಿಲ್ಲ. ಮೂವತ್ತು ದಿನದ ಮೇಲೆ ಬಂದು, ನಾನಿಲ್ಲದೆ ಕಂಪನಿಯವರ ಜೊತೆ ಹೇಗೆ ಮಾತಾಡಿದಿರಿ ಎಂದು ಕೇಳಿದೆ. ಮಾನ್ಯೆ ಕ್ಯಾಲೆಂಡರು ನೋಡಿದರು. ಮಾಸ್ಟರ್ ಹೇಳಿದರು: “ಮಾತಾಡಲೇ ಇಲ್ಲ, ಬೆಹನ್. ಸಾಹೇಬರು ಬಂದು ಕೇಳೋದು, ಇವರು ಸುಮ್ಮನೆ ನೋಡೋದು. ಅವರೇ ಇನ್ನೊಂದು ಕೇಳೋದು, ಇವರು ಸುಮ್ಮನೆ ನೋಡೋದು. ಕೊನೆಗೆ ಅವರೇ ಒಪ್ಪಿಕೊಂಡು ಹೋಗೋದು. ನೀನು ಇದ್ದಾಗ ಇಷ್ಟು ಬೇಗ ಆಗ್ತಿರಲಿಲ್ಲ.”

ಅದಾಗಿ ಎರಡು ವರ್ಷದ ಮೇಲೆ ಮಾನ್ಯೆ ಅಂಗಡಿಯನ್ನು ಮಾಸ್ಟರ ಕೈಗೆ ಬಿಟ್ಟು ಊರಿಗೇ ಹೋದರು. ಕೇರಿಯ ಹೆಂಗಸರಿಗೆ ಸಂತೆಯಲ್ಲಿ ಪುನಃ ಜಾಗ ಮಾಡಿಸಬೇಕು, ಅದು ಅಂಚೆಯಲ್ಲಿ ಆಗುವ ಕೆಲಸ ಅಲ್ಲ ಎಂದರು. ಆಗಿದೆ ಎಂದು ತಂಗಿಯ ಮಗಳ ಕಾಗದದಲ್ಲಿದೆ. ನಾನು ಈಗ ಇಲ್ಲಿನ ಒಂದು ಶಾಲೆಯ ಕಚೇರಿಯಲ್ಲಿದ್ದೇನೆ. ಹೆಡ್‌ಮಾಸ್ಟರರು ಅಳತೆ ಬದಲಾಯಿಸುವುದನ್ನು ಈಗ ಒಳಗಿನಿಂದ ನೋಡುತ್ತೇನೆ.

ಮಾನ್ಯೆ ಊರಿಗೆ ಹೋಗುವುದಕ್ಕೆ ಮೊದಲಿನ ಒಂದು ವಿಷಯ ಬರೆದು ಮುಗಿಸುತ್ತೇನೆ. ನನ್ನ ಡಿಗ್ರಿಯ ಸರ್ಟಿಫಿಕೇಟು ರಿಜಿಸ್ಟರ್ ಅಂಚೆಯಲ್ಲಿ ಬಂದದ್ದು ನಮ್ಮ ಊರಿನ ವಿಳಾಸಕ್ಕೆ. ಅಮ್ಮ ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು, ಒಡೆಯದೆ, ಅಕ್ಕಿಯ ಡಬ್ಬಿಯ ಮೇಲೆ ಇಟ್ಟಿದ್ದಳು. ಮರುವರ್ಷ ರಜೆಯಲ್ಲಿ ಹೋದಾಗ ಅಂಗಳದಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ನಾನು ಲಕೋಟೆ ಒಡೆದು ಅವಳ ಕೈಗೆ ಕೊಡಲು ಹೋದೆ. ತಡಿ ಎಂದು ಎದ್ದು, ಹೊಗೆಸೊಪ್ಪಿನ ಕೈಯನ್ನು ಎರಡು ಸಲ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ಅಂಚು ಮಾತ್ರ ಮುಟ್ಟಿ ಹಿಡಿದುಕೊಂಡಳು.

“ಇದರಲ್ಲಿ ನಿನ್ನ ಹೆಸರು ಎಲ್ಲುಂಟು?”

ತೋರಿಸಿದೆ. ಅಲ್ಲಿ ನೋಡುತ್ತ ನಿಂತಳು. ನಾನು ಮಾನ್ಯೆಯ ವಿಷಯ, ಕಫೀಲಿನ ವಿಷಯ, ಅವರು ಪೀಠದಿಂದ ಎದ್ದು ನನ್ನ ಪರವಾಗಿ ಮಾತಾಡಿದ ವಿಷಯ ಎಲ್ಲ ಹೇಳಿದೆ.

“ನಿನ್ನ ಓದು ಬಿಡಿಸಿದ ದಿನ ನಾನು ಬಾಗಿಲ ಹಿಂದೆಯೇ ಇದ್ದೆ” ಎಂದಳು. “ನಂಗೆ ಬಾಯಿ ಬರ್ಲಿಲ್ಲ.”

ಸರ್ಟಿಫಿಕೇಟನ್ನು ನನ್ನ ಕೈಗೆ ಕೊಟ್ಟು ಪುನಃ ಕೂತು ಎಲೆ ಎತ್ತಿಕೊಂಡಳು. ಒಂದು ಬೀಡಿ ಕಟ್ಟಿದಳು, ಇನ್ನೊಂದು ಕಟ್ಟಿದಳು.

“ಅವರಿಗೆ ಹೇಳು...” ಎಂದಳು.

“ಎಂತ ಹೇಳ್ಬೇಕಮ್ಮ?”

ಅಮ್ಮ ನೂಲನ್ನು ಹಲ್ಲಿನಲ್ಲಿ ಕಡಿದಳು.

“ಊಟ ಆಯ್ತಾ ಕೇಳಿದ್ದೇನೆ ಅಂತ ಹೇಳು.”